ವ್ಯಾಘ್ರರಕ್ಷಣೆಯ ಶಾಸನವೂ ಉದ್ಯೋಗಪರ್ವದ ಪ್ರಮಾಣವೂ

ಹುಲಿಯನ್ನು ಕೊಲ್ಲಬಾರದೆಂದು ಜನರಿಗೆ ತಿಳಿಯಹೇಳುವುದಕ್ಕಾಗಿ ಈಚಿನ ಐವತ್ತು ವರ್ಷಗಳಿಂದ ಹೊರಡುತ್ತಿರುವ ಪುಸ್ತಕಗಳಲ್ಲಿಯೂ ಉಪನ್ಯಾಸಗಳಲ್ಲಿಯೂ ಮಹಾಭಾರತದ ಉದ್ಯೋಗಪರ್ವದ ಒಂದು ವಚನವು ಪದೇಪದೇ ಪ್ರಮಾಣವಾಗಿ ಉದಾಹರಿಸಲ್ಪಡುತ್ತಿದೆ. ಕಾಡನ್ನು ಕಳೆದುಕೊಂಡ ಹುಲಿಗೆ ಸಾವು ತಪ್ಪದು, ಹುಲಿಯನ್ನು ಕಳೆದುಕೊಂಡ ಕಾಡಿಗೆ ಕೊಡಲಿ ತಪ್ಪದು, ಆದಕಾರಣ ಅವೆರಡೂ ಪರಸ್ಪರ ರಕ್ಷಕವಾಗಿರತಕ್ಕದ್ದು ಎಂಬುದು ಅದರ ಸಾರಾಂಶ. ಇಷ್ಟು ಪ್ರಾಚೀನವಾದ ಗ್ರಂಥದಲ್ಲಿ ಇಷ್ಟು ಸ್ಪಷ್ಟವಾದ ಮಾತು ದೊರೆತುದು ವ್ಯಾಘ್ರರಕ್ಷಣೆಯ ಪಕ್ಷವನ್ನು ಹಿಡಿದವರಿಗೆ ಸಂತೋಷವನ್ನುಂಟುಮಾಡಿರುವುದು ಸಹಜವೇ. ಆದರೆ ಆ ವಚನವನ್ನು ಉದಾಹರಿಸುವವರಲ್ಲಿ ಬಹುಮಂದಿ ಅದರ ಪ್ರಕರಣವನ್ನು ನೋಡಿದಂತೆ ಕಾಣುವುದಿಲ್ಲ. ಪ್ರಕರಣವನ್ನು ಬಿಟ್ಟು ವಾಕ್ಯವನ್ನು ಮಾತ್ರ ಎತ್ತಿಕೊಂಡರೆ ಅರ್ಥದ ಅರ್ಧಭಾಗವು ಹಿಂದೆಯೇ ಉಳಿದುಬಿಡುತ್ತದೆ. ಇಲ್ಲಿ ಹಾಗೆ ಉಳಿದುಹೋದ ಅರ್ಧವೇ ಇಂದಿನ ಶಾಸನಕ್ಕೂ ಜನಬೋಧನೆಗೂ ಹೆಚ್ಚು ಬೇಕಾದುದು.

ಆ ಮಾತು ಉದ್ಯೋಗಪರ್ವದಲ್ಲಿ ಎರಡೆಡೆ ಬರುತ್ತದೆ. ಪುಣೆಯ ಭಾಂಡಾರಕರ ಸಂಸ್ಥೆಯವರ ಸಂಶೋಧಿತ ಆವೃತ್ತಿಯಲ್ಲಿ, ಸುಶೀಲಕುಮಾರ ದೇ ಅವರು ಸಂಪಾದಿಸಿ 1940ರಲ್ಲಿ ಪ್ರಕಟಿಸಿದ ಪರ್ವದಲ್ಲಿ, 29ನೆಯ ಅಧ್ಯಾಯದಲ್ಲಿ ಒಮ್ಮೆ, 37ನೆಯ ಅಧ್ಯಾಯದಲ್ಲಿ ಮತ್ತೊಮ್ಮೆ ಅದನ್ನು ನೋಡಬಹುದು. ಮೊದಲನೆಯದು ಸಂಧಿಯ ಮಾತಿಗಾಗಿ ಬಂದ ಸಂಜಯನಿಗೆ ಶ್ರೀಕೃಷ್ಣನು ಹೇಳುವುದು. ಎರಡನೆಯದು ನಿದ್ದೆ ಬಾರದೆ ಕುಳಿತ ಧೃತರಾಷ್ಟ್ರನಿಗೆ ವಿದುರನು ಹೇಳುವುದು. ಎರಡು ಸ್ಥಳಗಳಲ್ಲಿಯೂ ಧೃತರಾಷ್ಟ್ರನೂ ಅವನ ಮಕ್ಕಳೂ ವನ, ಪಾಂಡವರು ವ್ಯಾಘ್ರಗಳು. ಪಾಂಡವರನ್ನು ಹೊರಗಟ್ಟಿದರೆ ನಿಮ್ಮನ್ನು ಕಡಿಯುವವರಿಗೆ ಹೆದರಿಕೆಯಿರುವುದಿಲ್ಲ ಎಂಬುದು ತಾತ್ಪರ್ಯ. ಕಾಡಾಗಲಿ ಹುಲಿಯಾಗಲಿ ಅಲ್ಲಿ ವಿಧಿಯ ವಿಷಯವಲ್ಲ, ಉಪಮಾನ ಮಾತ್ರ. ಹೀಗಿರಲು ಅದನ್ನು ಮೃಗರಕ್ಷಣೆಯ ವಿಧಿವಾಕ್ಯವೆಂದು ಹಿಡಿಯುವುದು ನ್ಯಾಯವೇ ಎಂಬ ಪ್ರಶ್ನೆ ಏಳುತ್ತದೆ.

ಮೀಮಾಂಸಕರ ಮಾರ್ಗದಲ್ಲಿ ನೋಡಿದರೆ ಉತ್ತರವು ಪೂರ್ತಿಯಾಗಿ ನಿಷೇಧರೂಪವಲ್ಲ. ಅನ್ಯಪರವಾದ ವಾಕ್ಯಕ್ಕೂ ಸ್ವಾರ್ಥದಲ್ಲಿ ಪ್ರಾಮಾಣ್ಯವುಂಟೋ ಇಲ್ಲವೋ ಎಂಬುದನ್ನು ಅವರು ವಿಚಾರಿಸಿಯೇ ಇದ್ದಾರೆ. ಬೇರೆ ಪ್ರಮಾಣಕ್ಕೆ ವಿರುದ್ಧವಾದುದು ಗುಣವಾದ, ಬೇರೆ ಪ್ರಮಾಣದಿಂದ ಮೊದಲೇ ತಿಳಿದುದನ್ನು ಹೇಳುವುದು ಅನುವಾದ, ಈ ಎರಡೂ ಅಲ್ಲದುದು ಭೂತಾರ್ಥವಾದ. ಉಪಮಾನವು ಲೋಕಪ್ರಸಿದ್ಧವಾಗಿರಬೇಕೆಂಬುದು ಆಲಂಕಾರಿಕರ ಮತ. ಕೇಳುವವನಿಗೆ ಗೊತ್ತಿಲ್ಲದುದನ್ನು ಹೋಲಿಕೆಗೆ ತಂದರೆ ಹೋಲಿಕೆಯು ನಿಲ್ಲುವುದಿಲ್ಲ. ಆದುದರಿಂದ ಈ ವಾಕ್ಯವು ಅನುವಾದ. ಹುಲಿಯಿದ್ದ ಕಾಡಿಗೆ ಕೊಡಲಿ ಬೀಳುವುದಿಲ್ಲವೆಂಬುದು ಹಸ್ತಿನಾವತಿಯ ಮುದುಕ ರಾಜನಿಗೂ ಸೂತಪುತ್ರನಾದ ಸಂಜಯನಿಗೂ ಅನುಭವದಿಂದ ಗೊತ್ತಿದ್ದ ಸಂಗತಿಯಾಗಿತ್ತೆಂದು ಇದರಿಂದ ತಿಳಿಯುತ್ತದೆ. ವಿಧಿಯು ಇಲ್ಲಿ ಸಿಗಲಿಲ್ಲ, ಲೋಕಜ್ಞಾನವು ಸಿಕ್ಕಿತು. ಅದೂ ಅಲ್ಪವಾದ ಲಾಭವಲ್ಲ.

ಇನ್ನು ಆ ಲೋಕಜ್ಞಾನದ ಸ್ವರೂಪವೇನು? ಹುಲಿಯು ಕಾಡನ್ನು ಯಾವ ದ್ವಾರದಿಂದ ಕಾಪಾಡುತ್ತದೆ? ಸೌಂದರ್ಯದಿಂದಲ್ಲ, ಗಾಂಭೀರ್ಯದಿಂದಲ್ಲ, ಭಯದಿಂದ. ಸೌದೆಗೆ ಹೋಗುವವನೂ ದನ ಮೇಯಿಸುವವನೂ ಹೆದರಿ ಹಿಂದಿರುಗುವುದರಿಂದ ಕಾಡು ಉಳಿಯುತ್ತದೆ. ಇಂದಿನ ಪ್ರಾಣಿಶಾಸ್ತ್ರಜ್ಞರು ಇದಕ್ಕೆ ಇನ್ನೊಂದು ದ್ವಾರವನ್ನೂ ಸೇರಿಸುತ್ತಾರೆ: ಹುಲಿಯು ಜಿಂಕೆ ಕಡವೆಗಳನ್ನು ತಿಂದು ಅವುಗಳ ಸಂಖ್ಯೆಯನ್ನು ಮಿತಿಯಲ್ಲಿಡುವುದರಿಂದ ಎಳೆಯ ಸಸಿಗಳು ಬದುಕುತ್ತವೆಂದು. ಇದು ನಿಜವಾದರೂ ಉದ್ಯೋಗಪರ್ವದ ಮಾತಿನೊಳಗೆ ಇದನ್ನು ಹೊಗಿಸುವುದು ಬಲಾತ್ಕಾರ. ಅಲ್ಲಿ ಕಾಡನ್ನು ಕಡಿಯುವವನು ಮನುಷ್ಯ, ಅವನನ್ನು ತಡೆಯುವುದು ಹುಲಿಯ ಭಯ, ಅಷ್ಟೇ. ಈ ಭಯವು ಯಾರಿಗೆ ಎಂದು ಕೇಳಿದರೆ, ಕಾಡಂಚಿನಲ್ಲಿ ಬದುಕುವ ಬಡವನಿಗೆ ಎಂದೇ ಉತ್ತರ. ಊರಿಗೆಲ್ಲ ನೆರಳು ನೀರು ಕೊಡುವ ಕಾಡಿನ ಕಾವಲಿಗೆ ಆತನ ಭಯವೇ ಸಂಬಳವಾಗಿ ಸಲ್ಲುತ್ತಿದೆ. ವಚನವನ್ನು ಉದಾಹರಿಸುವವರು ಬಿಟ್ಟುಬಿಡುವ ಅರ್ಧವು ಇದು.

ಕಾವ್ಯಗಳು ಈ ವಿಷಯದಲ್ಲಿ ಹೇಗೆ ನಡೆದುಕೊಂಡಿವೆಯೆಂಬುದು ವಿಚಾರಣೀಯ. ವೈಯಾಕರಣರ ವ್ಯಾಘ್ರಾದಿಗಣವು ಪ್ರಸಿದ್ಧವಾಗಿಯೇ ಇದೆ; ಪುರುಷವ್ಯಾಘ್ರನೆಂಬ ಸಮಾಸವು ಸಾಧುವಾಗುವುದು ಸಾಮಾನ್ಯಧರ್ಮವನ್ನು ಹೇಳದಿರುವಾಗ ಮಾತ್ರ. ಅಮರಸಿಂಹನೂ ವ್ಯಾಘ್ರಶಬ್ದವು ಉತ್ತರಪದವಾಗಿ ನಿಂತರೆ ಶ್ರೇಷ್ಠಾರ್ಥವನ್ನು ಕೊಡುತ್ತದೆಂದು ಹೇಳಿದ್ದಾನೆ. ಹೀಗೆ ಭಾಷೆಯು ಹುಲಿಗೆ ದೊಡ್ಡ ಮರ್ಯಾದೆಯನ್ನು ಕೊಟ್ಟಿತು. ತೋಳನಿಗೂ ಅಷ್ಟಿಷ್ಟು ದೊರೆಯಿತು, ಭೀಮಸೇನನು ವೃಕೋದರನಾದನು. ಕಾಡಿನಲ್ಲಿ ಗುಂಪುಗುಂಪಾಗಿ ಬೇಟೆಯಾಡುವ ಸೀಳುನಾಯಿಗೆ ಮಾತ್ರ ಯಾವ ಕವಿಯೂ ಹೇಳಿಕೊಳ್ಳುವಂಥ ಗೌರವವನ್ನು ಕೊಟ್ಟಂತೆ ತೋರುವುದಿಲ್ಲ. ಆದರೆ ಉಪಮೆಯನ್ನು ಬಿಟ್ಟು ಮೃಗವೇ ಕಥೆಯೊಳಗೆ ಬಂದಾಗ ಕವಿಗಳ ದಯೆ ಎಲ್ಲಿಗೆ ಹರಿಯುತ್ತದೆ? ರಘುವಂಶದ ಒಂಬತ್ತನೆಯ ಸರ್ಗದಲ್ಲಿ ದಶರಥನು ಬೇಟೆಯಾಡುತ್ತಾನೆ. ಗಂಡುಜಿಂಕೆಗೆ ಅಡ್ಡವಾಗಿ ಹೆಣ್ಣುಜಿಂಕೆ ಬಂದು ನಿಂತಾಗ ಅವನು ಹೂಡಿದ ಬಾಣವನ್ನು ಹಿಂದೆಗೆಯುತ್ತಾನೆ. ಅದೇ ಸರ್ಗದಲ್ಲಿ ಗುಹೆಯಿಂದ ಹಾರಿಬರುವ ಹುಲಿಗಳ ತೆರೆದ ಬಾಯಿಗಳನ್ನು ಬಾಣಗಳಿಂದ ತುಂಬಿ ಅವುಗಳನ್ನು ಬತ್ತಳಿಕೆಗಳಂತೆ ಮಾಡುತ್ತಾನೆ. ಉಪಮೆಯು ಬಹು ಸುಂದರವಾಗಿದೆ. ದಯೆಯು ಜಿಂಕೆಯಲ್ಲಿಯೇ ನಿಂತುಹೋಗಿದೆ. ಶಾಕುಂತಲದ ತಪಸ್ವಿಯು ದುಷ್ಯಂತನ ಕೈಯನ್ನು ತಡೆಯುವುದೂ ಆಶ್ರಮದ ಜಿಂಕೆಗಾಗಿಯೇ.

ಕನ್ನಡದಲ್ಲಿಯೂ ಇದೇ ಸ್ಥಿತಿ. ರಾಘವಾಂಕನ ಹರಿಶ್ಚಂದ್ರಕಾವ್ಯದಲ್ಲಿ ಬೇಟೆಗೆ ಪ್ರಜೆಗಳ ಬೆಳೆಯನ್ನು ಕಾಪಾಡುವುದೆಂಬ ಕಾರಣವಾದರೂ ಉಂಟು. ಇತರೆಡೆಗಳಲ್ಲಿ ಬೇಟೆಯು ರಾಜವಿನೋದ. ಹೊಯ್ಸಳ ವಂಶದ ಹೆಸರೇ ಸೊಸೆವೂರಿನಲ್ಲಿ ಸಳನು ಶಾರ್ದೂಲವನ್ನು ಹೊಡೆದ ಕಥೆಯಿಂದ ಹುಟ್ಟಿದುದು. ಶಿಲ್ಪಿಗಳು ಆ ಮೃಗವನ್ನು ಸಿಂಹದಂತೆ ಕಡೆದು ದೇವಾಲಯಗಳ ಮೇಲೆ ನಿಲ್ಲಿಸಿದರು. ಗೋವಿನ ಹಾಡಿನ ವಿಷಯವಂತೂ ವಿಶೇಷವಾಗಿ ನೋಡತಕ್ಕದ್ದು. ಕನ್ನಡನಾಡಿನ ಮಕ್ಕಳು ಮೊಟ್ಟಮೊದಲು ಹುಲಿಯನ್ನು ಕಾಣುವುದು ಅದರಲ್ಲಿಯೇ. ಪ್ರಚಲಿತವಾದ ಪಾಠದಲ್ಲಿ ಪುಣ್ಯಕೋಟಿಯ ಸತ್ಯಕ್ಕೆ ಸೋತು ಹುಲಿಯು ಪ್ರಾಣವನ್ನು ಬಿಡುತ್ತದೆ. ಸತ್ಯದ ಮಹಿಮೆಯನ್ನು ಹೇಳುವುದರಲ್ಲಿ ಆ ಹಾಡಿಗೆ ಸಮಾನವಾದುದು ವಿರಳ. ಆದರೆ ಹುಲಿಯ ದೃಷ್ಟಿಯಿಂದ ನೋಡಿದರೆ, ಹುಲಿಯು ಒಳ್ಳೆಯದಾಗುವುದು ಹುಲಿತನವನ್ನು ಬಿಟ್ಟಾಗ, ಎಂದರೆ ಸತ್ತಾಗ. ಹಸಿದು ತಿನ್ನುವ ಹುಲಿಯು ಹಾಗೆಯೇ ಬದುಕಿರಲು ಅರ್ಹವೆಂಬ ಭಾವನೆಗೆ ಅಲ್ಲಿ ಎಡೆಯಿಲ್ಲ.

ಆ ಭಾವನೆಯು ಶಿಷ್ಟಕಾವ್ಯಕ್ಕಿಂತ ಹೆಚ್ಚಾಗಿ ಕಾಡಿನ ಜನರ ಆಚಾರದಲ್ಲಿ ಉಳಿದುಕೊಂಡಿದೆ. ಮಲೆಯ ಮಹದೇಶ್ವರನು ಹುಲಿಯನ್ನೇರಿದವನು. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹುಲಿವೀರಪ್ಪನನ್ನು ಪೂಜಿಸುತ್ತಾರೆ. ತುಳುನಾಡಿನಲ್ಲಿ ಪಿಲಿಚಾಮುಂಡಿಯೆಂಬ ದೈವಕ್ಕೆ ಸೇವೆ ನಡೆಯುತ್ತದೆ. ಇಲ್ಲೆಲ್ಲ ಹುಲಿಯು ಪಶ್ಚಾತ್ತಾಪಪಟ್ಟು ಸಾಧುವಾದ ಹುಲಿಯಲ್ಲ, ಭಯಂಕರವಾಗಿಯೇ ಪೂಜ್ಯವಾದುದು. ಉದ್ಯೋಗಪರ್ವದ ಉಪಮಾನಕ್ಕೆ ಹತ್ತಿರವಾಗಿರುವುದು ಈ ದೃಷ್ಟಿಯೇ ಹೊರತು ಗೋವಿನ ಹಾಡಿನದಲ್ಲ.

ಕಾವ್ಯವನ್ನು ಬಿಟ್ಟು ಶಾಸ್ತ್ರಕ್ಕೆ ಬಂದರೆ, ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಕೌಟಲೀಯ ಅರ್ಥಶಾಸ್ತ್ರವು ಅತ್ಯಂತ ಉಪಯುಕ್ತವಾಗಿದೆ. ಮೃಗರಕ್ಷಣೆಯ ಪ್ರಾಚೀನತೆಗೆ ಇದನ್ನೂ ಪ್ರಮಾಣವಾಗಿ ಹೇಳುವುದುಂಟು. ಸೂನಾಧ್ಯಕ್ಷಪ್ರಕರಣದಲ್ಲಿ ಅಭಯ ಕೊಡಲ್ಪಟ್ಟ ಮೃಗಪಕ್ಷಿಮತ್ಸ್ಯಗಳನ್ನು ಹಿಡಿದು ಕೊಂದವನಿಗೆ ಉತ್ತಮದಂಡವನ್ನು ವಿಧಿಸಿರುವುದು ನಿಜ. ಆನೆಯನ್ನು ಕೊಂದವನಿಗೆ ಮರಣದಂಡನೆಯೇ ಇದೆ. ಆದರೆ ವ್ಯಾಲಮೃಗದ, ಎಂದರೆ ಹಿಂಸ್ರಮೃಗದ, ವಿಷಯದಲ್ಲಿ ಕೌಟಲ್ಯನ ಧೋರಣೆ ಬೇರೆ. ಅಭಯವನದಲ್ಲಿರುವ ಮೃಗವು ದುಷ್ಟವಾದರೆ ಅದನ್ನು ರಕ್ಷಿತಸ್ಥಾನದಿಂದ ಹೊರಗೆ ಕೊಲ್ಲಬಹುದು ಇಲ್ಲವೆ ಕಟ್ಟಬಹುದು. ರಾಜನ ವಿಹಾರಕ್ಕಾಗಿ ಮಾಡಿದ ಮೃಗವನದಲ್ಲಿ ಹಿಂಸ್ರಮೃಗಗಳನ್ನು ಬಿಡುವುದು ಉಗುರು ಕೋರೆಗಳನ್ನು ಮುರಿದ ಮೇಲೆ. ನಾಲ್ಕನೆಯ ಅಧಿಕರಣದಲ್ಲಿ ಅಗ್ನಿ, ಉದಕ, ವ್ಯಾಧಿ, ದುರ್ಭಿಕ್ಷ, ಮೂಷಿಕ, ವ್ಯಾಲ, ಸರ್ಪ, ರಾಕ್ಷಸ ಎಂಬ ಎಂಟು ದೈವೀ ಮಹಾಭಯಗಳನ್ನು ಎಣಿಸಿ, ವ್ಯಾಲಭಯಕ್ಕೆ ಪ್ರತೀಕಾರವಾಗಿ ವಿಷಬೆರೆಸಿದ ಪಶುಶವಗಳನ್ನು ಇಡಬೇಕೆಂದು ಹೇಳಿದೆ. ಹುಲಿಯ ಬಾಯಿಗೆ ಸಿಕ್ಕವನ ನೆರವಿಗೆ ಹೋಗದವನಿಗೆ ಹನ್ನೆರಡು ಪಣ ದಂಡ; ಆ ಮೃಗವನ್ನು ಕೊಂದವನಿಗೆ ಅಷ್ಟೇ ಲಾಭ. ವ್ಯಸನಗಳ ವಿಚಾರದಲ್ಲಿಯೂ ಜೂಜಿಗಿಂತ ಬೇಟೆಯೇ ಕೆಟ್ಟದೆಂಬ ಪಿಶುನನ ಮತವನ್ನು ಖಂಡಿಸಿ, ಬೇಟೆಯಿಂದ ವ್ಯಾಯಾಮವೂ ಲಕ್ಷ್ಯಾಭ್ಯಾಸವೂ ಆಗುತ್ತದೆಂದು ಕೌಟಲ್ಯನು ಸಮರ್ಥಿಸಿದ್ದಾನೆ. ಅರ್ಥಶಾಸ್ತ್ರವನ್ನು ವ್ಯಾಘ್ರರಕ್ಷಣೆಗೆ ಪ್ರಮಾಣವೆನ್ನುವವರು ಎರಡನೆಯ ಅಧಿಕರಣವನ್ನು ಓದಿ ನಾಲ್ಕನೆಯದಕ್ಕೆ ಹೋಗದೆ ನಿಂತವರು.

ಆದರೂ ಕೌಟಲ್ಯನಲ್ಲಿ ಒಂದು ಪ್ರಾಮಾಣಿಕತೆಯಿದೆ. ಆತನು ವ್ಯಾಲಭಯವನ್ನು ಭಯವೆಂದೇ ಕರೆಯುತ್ತಾನೆ. ಅದರ ಪ್ರತೀಕಾರವನ್ನು ರಾಜನ ಹೊಣೆಯೆಂದೇ ಎಣಿಸುತ್ತಾನೆ. ಅಶೋಕನ ಐದನೆಯ ಸ್ತಂಭಶಾಸನದಲ್ಲಿ, ಅಭಿಷೇಕವಾಗಿ ಇಪ್ಪತ್ತಾರು ವರ್ಷಗಳಾದ ಮೇಲೆ ಹೊರಡಿಸಿದ ಅವಧ್ಯಪ್ರಾಣಿಗಳ ಪಟ್ಟಿಯಲ್ಲಿ, ಗಿಳಿ ಮೈನಾಗಳಿವೆ, ಆಮೆಯಿದೆ, ಅಳಿಲಿದೆ. ಹುಲಿ ಸಿಂಹಗಳ ಹೆಸರಿಲ್ಲ. ಭೋಗಕ್ಕೆ ಬಾರದ, ಆಹಾರಕ್ಕೂ ಸಲ್ಲದ ಚತುಷ್ಪಾದಿಗಳೆಲ್ಲ ಅವಧ್ಯವೆಂಬ ಸಾಮಾನ್ಯವಚನದಲ್ಲಿ ಹುಲಿಯು ಅಡಗುತ್ತದೆಂದು ವಾದಿಸಬಹುದು. ಹಾಗೆ ವಾದಿಸುವುದಾದರೆ, ಯಾವ ಉಪಯೋಗಕ್ಕೂ ಬಾರದುದೆಂಬುದೇ ರಕ್ಷಣೆಗೆ ಕಾರಣವಾದ ವಿಚಿತ್ರವಾದ, ಆದರೆ ಉದಾರವಾದ ಶಾಸನವು ಅದೊಂದೇ ಎನ್ನಬೇಕು.

ಇಂಗ್ಲಿಷರ ಆಳಿಕೆಯಲ್ಲಿ ಕೌಟಲ್ಯನ ನಾಲ್ಕನೆಯ ಅಧಿಕರಣವೇ ಬೇರೊಂದು ವೇಷದಿಂದ ನಡೆಯಿತು. ಹುಲಿ, ಚಿರತೆ, ತೋಳ, ಸೀಳುನಾಯಿಗಳ ತಲೆಗೆ ಬಹುಮಾನವನ್ನು ಗೊತ್ತುಮಾಡಿದರು. 1875 ಮೊದಲ್ಗೊಂಡು 1925ರವರೆಗೆ ಎಂಬತ್ತು ಸಾವಿರಕ್ಕೂ ಮೀರಿ ಹುಲಿಗಳು ಹತವಾದುವೆಂದು ಇತಿಹಾಸಜ್ಞರಾದ ಮಹೇಶ ರಂಗರಾಜನ್ ಅವರು ಲೆಕ್ಕ ಹಾಕಿದ್ದಾರೆ. 1912ರ ವನ್ಯಪಕ್ಷಿಮೃಗರಕ್ಷಣೆಯ ಕಾನೂನಿನ ಅನುಸೂಚಿಯನ್ನು ತೆಗೆದು ನೋಡಿದರೆ ಅದರಲ್ಲಿ ಜಿಂಕೆಯಿದೆ, ಕಾಡೆಮ್ಮೆಯಿದೆ, ಮೊಲವಿದೆ, ಘೇಂಡಾಮೃಗವಿದೆ. ಮಾಂಸಾಹಾರಿಯಾದ ಒಂದು ಮೃಗವೂ ಇಲ್ಲ. ಬೇಟೆಗಾರನಿಗೆ ಮುಂದಿನ ಋತುವಿಗೂ ಬೇಟೆ ಉಳಿಯಲೆಂಬುದೇ ಅಂಥ ರಕ್ಷಣೆಯ ಉದ್ದೇಶ. ದಶರಥನ ದಯೆಯು ಜಿಂಕೆಯಲ್ಲಿ ನಿಂತಂತೆ ಈ ಶಾಸನದ ದಯೆಯೂ ಜಿಂಕೆಯಲ್ಲಿಯೇ ನಿಂತಿತು. ಮೈಸೂರು ಸೀಮೆಯಲ್ಲಿ 1931ರಲ್ಲಿ ಬಂಡೀಪುರದ ಅಭಯಾರಣ್ಯವೂ, ಅದನ್ನು ವಿಸ್ತರಿಸಿ 1941ರಲ್ಲಿ ಹಿಮವದ್ಗೋಪಾಲಸ್ವಾಮಿಯ ಬೆಟ್ಟದ ದೇವರ ಹೆಸರಿನಲ್ಲಿ ವೇಣುಗೋಪಾಲ ವನ್ಯಮೃಗಧಾಮವೂ ಏರ್ಪಟ್ಟುವು.

ಜನರ ಮನಸ್ಸನ್ನು ತಿರುಗಿಸುವ ಕೆಲಸಕ್ಕೆ ಮೊದಲು ಕೈಹಾಕಿದವರು ಬೇಟೆಗಾರರೇ ಎಂಬುದು ಗಮನಿಸತಕ್ಕ ಸಂಗತಿ. ಜಿಮ್ ಕಾರ್ಬೆಟ್ಟರ ಕುಮಾವೂನಿನ ನರಭಕ್ಷಕಗಳ ಪುಸ್ತಕವು 1944ರಲ್ಲಿಯೂ, ಬೆಂಗಳೂರಿನ ಕೆನೆತ್ ಆಂಡರ್ಸನ್ನರ ಮೊದಲನೆಯ ಪುಸ್ತಕವು 1954ರಲ್ಲಿಯೂ ಹೊರಬಂದುವು. ಪೂರ್ಣಚಂದ್ರ ತೇಜಸ್ವಿಯವರ ಕನ್ನಡ ರೂಪಾಂತರಗಳ ಮೂಲಕ ಈ ಕಥೆಗಳು ನಮ್ಮ ನಾಡಿನಲ್ಲಿ ಮನೆಮಾತಾಗಿವೆ. ಇವುಗಳ ಮುಖ್ಯಗುಣವು ಸಾಹಸವರ್ಣನೆಯಲ್ಲ, ಹೇತುವಿಚಾರ. ಹುಲಿಯು ನರಭಕ್ಷಕವಾದುದೇಕೆ ಎಂಬ ಪ್ರಶ್ನೆಯನ್ನು ಪ್ರಾಚೀನರು ಕೇಳಲಿಲ್ಲ. ಅದು ಸ್ವಭಾವವೆಂದು ಬಿಟ್ಟರು. ಕಾರ್ಬೆಟ್ಟರು ಸತ್ತ ಹುಲಿಯ ಪಂಜವನ್ನು ಬಿಡಿಸಿ ಅದರೊಳಗೆ ಮುರಿದುಕೊಂಡಿದ್ದ ಮುಳ್ಳುಹಂದಿಯ ಮುಳ್ಳನ್ನೂ, ಹಳೆಯ ಗುಂಡಿನ ಗಾಯವನ್ನೂ ತೋರಿಸಿದರು. ನ್ಯಾಯಾಧೀಶನ ಮುಂದೆ ಆರೋಪಿಯ ಪರವಾಗಿ ಸಾಕ್ಷಿ ನುಡಿದಂತೆ ಅವರ ಬರಹವಿದೆ, ಶಿಕ್ಷೆಯನ್ನು ಜಾರಿಗೊಳಿಸಿದವರೂ ಅವರೇ ಆಗಿದ್ದಾಗ್ಯೂ.

1969ರಲ್ಲಿ ದೆಹಲಿಯಲ್ಲಿ ಸೇರಿದ ಅಂತಾರಾಷ್ಟ್ರೀಯ ಪ್ರಕೃತಿಸಂರಕ್ಷಣಾ ಒಕ್ಕೂಟದ ಮಹಾಸಭೆಯಲ್ಲಿ ಹುಲಿಯ ಕ್ಷಯವು ಚರ್ಚೆಗೆ ಬಂದಿತು; 1970ರಲ್ಲಿ ಹುಲಿಬೇಟೆಗೆ ನಿಷೇಧವಾಯಿತು; 1972ರ ಗಣತಿಯಲ್ಲಿ ದೇಶದಲ್ಲೆಲ್ಲ 1,827 ಹುಲಿಗಳು ಮಾತ್ರ ಸಿಕ್ಕಿದುವು. ಅದೇ ವರ್ಷ ವನ್ಯಜೀವಿ ಸಂರಕ್ಷಣಾ ಅಧಿನಿಯಮವು ಹುಟ್ಟಿತು. 1973ರ ಏಪ್ರಿಲ್ 1ರಂದು ಪ್ರಾರಂಭವಾದ ಹುಲಿ ಯೋಜನೆಗೆ ಮೊದಲು ಆರಿಸಿದ ಒಂಬತ್ತು ಪ್ರದೇಶಗಳಲ್ಲಿ ಬಂಡೀಪುರವೂ ಒಂದು. 2022ರ ಅಂದಾಜಿನಲ್ಲಿ ದೇಶದ ಹುಲಿಗಳ ಸರಾಸರಿ ಸಂಖ್ಯೆ 3,682. ಕರ್ನಾಟಕದ ಪಾಲು 563. ಶಾಸನವು ನಿಷ್ಫಲವಾಯಿತೆಂದು ಹೇಳುವವರಿಗೆ ಈ ಅಂಕೆಗಳೇ ಉತ್ತರ. ಹಾಗೆಂದು ಶಾಸನವೊಂದೇ ಸಾಕೆನ್ನುವಂತೆಯೂ ಇಲ್ಲ. ರಾಜಸ್ಥಾನದ ಸರಿಸ್ಕದಲ್ಲಿ ಶಾಸನವೂ ಯೋಜನೆಯೂ ಕಾವಲುಗಾರರೂ ಇದ್ದಂತೆಯೇ ಒಂದು ಹುಲಿಯೂ ಉಳಿಯಲಿಲ್ಲವೆಂಬುದು 2005ರ ಹೊತ್ತಿಗೆ ಬಯಲಾಯಿತು.

ಈ ಅಧಿನಿಯಮವನ್ನು ಶಾಸ್ತ್ರಗ್ರಂಥವನ್ನು ಓದುವಂತೆ ಓದಿದರೆ ಅದರ ರಚನೆಯು ವಿಶದವಾಗುತ್ತದೆ. 9ನೆಯ ಪ್ರಕರಣವು ಉತ್ಸರ್ಗ: ಬೇಟೆಯಾಡಕೂಡದು. 11ನೆಯದು ಅಪವಾದ. ಮೊದಲು ಅನುಮತಿಪತ್ರವನ್ನು ಪಡೆದು ಕೆಲವು ಮೃಗಗಳನ್ನು ಬೇಟೆಯಾಡುವುದಕ್ಕೆ ಎಡೆಯಿತ್ತು; 1991ರ ತಿದ್ದುಪಡಿಯಿಂದ ಅದು ಮುಚ್ಚಿಹೋಯಿತು. ಮೊದಲನೆಯ ಅನುಸೂಚಿಯ ಮೃಗವನ್ನು ಕೊಲ್ಲಿಸುವುದಕ್ಕೆ ಮುಖ್ಯ ವನ್ಯಜೀವಿ ಪರಿಪಾಲಕನೊಬ್ಬನಿಗೇ ಅಧಿಕಾರ. ಅದೂ ಆ ಮೃಗವು ಮನುಷ್ಯನ ಪ್ರಾಣಕ್ಕೆ ಅಪಾಯಕರವಾದಾಗ, ಇಲ್ಲವೆ ಚಿಕಿತ್ಸೆಗೆ ಮೀರಿ ರೋಗಗ್ರಸ್ತವೋ ಅಂಗವಿಕಲವೋ ಆದಾಗ. ಹಿಡಿಯುವುದಕ್ಕೂ, ಮತ್ತುಬರಿಸುವುದಕ್ಕೂ, ಬೇರೆಡೆಗೆ ಸಾಗಿಸುವುದಕ್ಕೂ ಆಗದೆಂದು ಮನವರಿಕೆಯಾಗಬೇಕೆಂಬ ನಿರ್ಬಂಧವು 2002ರ ತಿದ್ದುಪಡಿಯಿಂದ ಸೇರಿದುದು. ತನ್ನ ಅಥವಾ ಪರರ ಪ್ರಾಣರಕ್ಷಣೆಗಾಗಿ ಸದ್ಭಾವದಿಂದ ಕೊಂದವನು ಅಪರಾಧಿಯಲ್ಲ. 2022ರ ತಿದ್ದುಪಡಿಯ ಮೇಲೆ ಮೊದಲನೆಯ ಅನುಸೂಚಿಯ ಮೃಗವನ್ನು ಬೇಟೆಯಾಡಿದವನಿಗೆ ಮೂರರಿಂದ ಏಳು ವರ್ಷ ಸೆರೆ, ಇಪ್ಪತ್ತೈದು ಸಾವಿರ ರೂಪಾಯಿಗೆ ಕಡಮೆಯಿಲ್ಲದ ದಂಡ.

ಈ ವಾಕ್ಯಗಳಲ್ಲಿ ಎರಡು ಸ್ಥಳಗಳು ವಿಚಾರಕ್ಕೆ ಅರ್ಹವಾಗಿವೆ. ಮೊದಲನೆಯದು, ಅಪವಾದದಲ್ಲಿ ಮನುಷ್ಯನ ಪ್ರಾಣವು ಮಾತ್ರ ಹೇಳಲ್ಪಟ್ಟಿದೆ, ಪಶುವಿನ ಪ್ರಾಣವಿಲ್ಲ. ಕೆಳಗಿನ ಅನುಸೂಚಿಯ ಮೃಗಗಳ ವಿಷಯದಲ್ಲಿ ಬೆಳೆಯೂ ಆಸ್ತಿಯೂ ಸೇರುತ್ತವೆ. ಹುಲಿಯ ವಿಷಯದಲ್ಲಿ ಸೇರುವುದಿಲ್ಲ. ಇದು ಪ್ರಮಾದದಿಂದ ಬಿಟ್ಟುದಲ್ಲ, ಬುದ್ಧಿಪೂರ್ವಕವಾದುದು, ಯುಕ್ತವೂ ಆದುದು. ಹಸುವನ್ನು ಕೊಂದ ಹುಲಿಯನ್ನೆಲ್ಲ ಕೊಲ್ಲಬಹುದೆಂದರೆ ಉಳಿಯುವ ಹುಲಿಯಿಲ್ಲ. ಆದರೆ ಹೀಗೆ ಹಸುವಿನ ನಷ್ಟವನ್ನು ಹೊರುವವನ ಕೈಯನ್ನು ಕಟ್ಟಿದ ಶಾಸನವು ಅವನ ಋಣವನ್ನೂ ಹೊತ್ತುಕೊಂಡಿತು. ಎರಡನೆಯದು 39ನೆಯ ಪ್ರಕರಣ. ಬೇಟೆಯಾಡಲ್ಪಟ್ಟ, ಸತ್ತು ಬಿದ್ದ ಮೃಗವು ಸರಕಾರದ ಸ್ವತ್ತೆಂದು ಅದು ಹೇಳುತ್ತದೆ. ಸ್ವತ್ವವಿದ್ದಲ್ಲಿ ಹೊಣೆಯೂ ಇರುವುದೆಂಬುದು ವ್ಯವಹಾರಶಾಸ್ತ್ರದ ಮರ್ಯಾದೆ. ಊರ ಪೈರನ್ನು ಮೇಯ್ದ ದನಕ್ಕಾಗಿ ದನದ ಒಡೆಯನು ದಂಡ ತೆರುತ್ತಾನೆ. ಸತ್ತ ಹುಲಿಗೆ ಒಡೆಯನಾದವನು ಬದುಕಿದ ಹುಲಿಯ ಕೆಲಸಕ್ಕೆ ಎಷ್ಟರಮಟ್ಟಿಗೆ ಒಡೆಯನೆಂಬುದನ್ನು ಈ ಪ್ರಕರಣವು ಹೇಳದೆ ಬಿಟ್ಟಿದೆ. ಪರಿಹಾರಧನವು ಸಲ್ಲುತ್ತಿದೆಯಾದರೂ ಅದು ಸರಕಾರದ ಆಜ್ಞೆಗಳ ಮೂಲಕ ಅನುಗ್ರಹರೂಪವಾಗಿ ಸಲ್ಲುತ್ತಿದೆಯೇ ಹೊರತು ಋಣರೂಪವಾಗಿ ಅಲ್ಲ. ಅನುಗ್ರಹಕ್ಕೂ ಋಣಕ್ಕೂ ಇರುವ ಭೇದವು ಕಚೇರಿಯ ಬಾಗಿಲಲ್ಲಿ ಕಾಯುವವನಿಗೆ ಚೆನ್ನಾಗಿ ತಿಳಿದಿದೆ.

ಅಪವಾದದ ಅರ್ಥನಿರ್ಣಯವು ಎಷ್ಟು ಕಠಿನವೆಂಬುದಕ್ಕೆ ಎರಡು ನಿದರ್ಶನಗಳನ್ನು ನೋಡಬಹುದು. ಮಹಾರಾಷ್ಟ್ರದ ಯವತ್ಮಾಳ ಜಿಲ್ಲೆಯಲ್ಲಿ ಹದಿಮೂರು ಮಂದಿಯ ಸಾವಿಗೆ ಕಾರಣವೆನ್ನಲಾದ, ಜನರು ಅವನಿಯೆಂದು ಕರೆದ ಹೆಣ್ಣುಹುಲಿಯನ್ನು 2018ರ ನವೆಂಬರ್ 2ರ ರಾತ್ರಿ ಗುಂಡಿಟ್ಟು ಕೊಂದರು. ಅದಕ್ಕೆ ಮೊದಲೇ ವಿಷಯವು ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿತ್ತು. ಕೊಂದ ಬಳಿಕ, ಹಿಡಿಯುವ ಪ್ರಯತ್ನವು ನಿಜವಾಗಿ ನಡೆಯಿತೇ ಎಂಬ ವಿವಾದವು ದೇಶದಲ್ಲೆಲ್ಲ ಎದ್ದಿತು. 2021ರಲ್ಲಿ ನೀಲಗಿರಿಯ ಮಸಿನಗುಡಿಯ ಸುತ್ತಿನಲ್ಲಿ ನಾಲ್ವರ ಸಾವಿಗೆ ಕಾರಣವೆನ್ನಲಾದ ಗಂಡುಹುಲಿಯನ್ನು ಮದ್ರಾಸು ಉಚ್ಚ ನ್ಯಾಯಾಲಯದ ಎಚ್ಚರಿಕೆಯ ಮೇರೆಗೆ ಕೊಲ್ಲದೆ, ಮೂರು ವಾರ ಹುಡುಕಿ ಅಕ್ಟೋಬರ್ 15ರಂದು ಜೀವಸಹಿತ ಹಿಡಿದು ಮೈಸೂರಿನ ಆರೈಕೆಯ ಕೇಂದ್ರಕ್ಕೆ ತಂದರು. ಎರಡರಲ್ಲಿಯೂ ಶಾಸನವಾಕ್ಯವು ಒಂದೇ. ಆಗದು ಎಂಬ ಪದವು ಮಾಡಿ ನೋಡಿ ಆಗದುದನ್ನು ಹೇಳುತ್ತದೆಯೋ, ಮಾಡಲು ಕಷ್ಟವಾದುದನ್ನು ಹೇಳುತ್ತದೆಯೋ ಎಂಬುದರ ಮೇಲೆ ಒಂದರ ಸಾವೂ ಮತ್ತೊಂದರ ಬದುಕೂ ನಿಂತುವು. ಮೊದಲನೆಯ ಅರ್ಥವೇ ಗ್ರಾಹ್ಯವೆಂಬುದರಲ್ಲಿ ಸಂದೇಹವಿಲ್ಲ. ಇಲ್ಲದಿದ್ದರೆ ನಿರ್ಬಂಧವೇ ವ್ಯರ್ಥವಾಗುತ್ತದೆ, ಶಾಸನದಲ್ಲಿ ಒಂದು ಪದಕ್ಕೂ ವೈಯರ್ಥ್ಯವನ್ನು ಕಲ್ಪಿಸಬಾರದು.

ಆದರೆ ಈ ವಿವಾದಗಳಲ್ಲಿ ಹುಲಿಯ ಪಕ್ಷವನ್ನು ವಹಿಸಿದವರ ಭಾಷೆಯು ಅವರ ಪಕ್ಷಕ್ಕೇ ಹಾನಿಯನ್ನು ಮಾಡಿತೆಂದು ಹೇಳಬೇಕಾಗಿದೆ. ಅವರು ಹುಲಿಗೆ ಹೆಸರನ್ನಿಟ್ಟರು, ಅದನ್ನು ತಾಯಿಯೆಂದರು, ನಿರಪರಾಧಿಯೆಂದರು. ಇದು ಗೋವಿನ ಹಾಡಿನ ದಾರಿ. ಹುಲಿಯನ್ನು ಸಾಧುವಾಗಿ ಮಾಡಿದ ಮೇಲೆ ಪ್ರೀತಿಸುವುದು. ಗಂಡನನ್ನು ಕಳೆದುಕೊಂಡ ಹೆಂಗಸಿನ ಮುಂದೆ ಈ ಮಾತು ನಿಲ್ಲುವುದಿಲ್ಲ, ನಿಲ್ಲಬಾರದು ಕೂಡ. ಅಪರಾಧ ನಿರಪರಾಧಗಳ ಮಾತು ಹುಲಿಗೆ ಅನ್ವಯಿಸುವುದೇ ಇಲ್ಲ. ವಿದುರನು ಧೃತರಾಷ್ಟ್ರನಿಗೆ ಪಾಂಡವರು ನಿರುಪದ್ರವಿಗಳೆಂದು ಹೇಳಲಿಲ್ಲ. ಅವರು ಭಯಂಕರರಾದುದರಿಂದಲೇ ನಿನಗೆ ಬೇಕಾದವರು ಎಂದನು.

2025ರ ಜೂನ್ 26ರಂದು ಚಾಮರಾಜನಗರ ಜಿಲ್ಲೆಯ ಮಲೆಮಹದೇಶ್ವರ ವನ್ಯಜೀವಿಧಾಮದ ಹೂಗ್ಯಂ ವಲಯದಲ್ಲಿ ಒಂದು ತಾಯಿಹುಲಿಯೂ ಅದರ ನಾಲ್ಕು ಮರಿಗಳೂ ಸತ್ತುಬಿದ್ದಿರುವುದು ಕಂಡುಬಂದಿತು. ಹುಲಿಯು ಕೊಂದ ಹಸುವಿನ ಶವಕ್ಕೆ ವಿಷವನ್ನು ಬೆರೆಸಿದರೆಂಬ ಆರೋಪದ ಮೇಲೆ ಬಂಧನಗಳು ನಡೆದುವು. ಹುಲಿಯನ್ನೇರಿದ ದೇವರ ಮಲೆಯಲ್ಲಿ, ಹಸು ಹುಲಿಗಳ ಹಾಡನ್ನು ಮಕ್ಕಳಿಗೆ ಕಲಿಸುವ ನಾಡಿನಲ್ಲಿ, ಹೀಗೆ ನಡೆಯಿತೆಂದು ಪತ್ರಿಕೆಗಳು ಆಶ್ಚರ್ಯಪಟ್ಟುವು. ಅರ್ಥಶಾಸ್ತ್ರವನ್ನು ನೋಡಿದವರಿಗೆ ದುಃಖವಾಗಬಹುದು, ಆಶ್ಚರ್ಯವಾಗಲಾರದು. ವಿಷಬೆರೆಸಿದ ಪಶುಶವವು ನಾಲ್ಕನೆಯ ಅಧಿಕರಣದಲ್ಲಿ ರಾಜನು ಮಾಡಿಸಬೇಕಾದ ಪ್ರತೀಕಾರವಾಗಿದೆ. ಆರೋಪವು ನಿಜವಾದರೆ, ಎರಡು ಸಾವಿರ ವರ್ಷಗಳ ಹಿಂದೆ ಆಳುವವನ ಕರ್ತವ್ಯವಾಗಿದ್ದ ಕಾರ್ಯವು 1972ರಿಂದ ಸೆರೆಮನೆಗೆ ದಾರಿಯಾಗಿದೆ. ಈ ಪರಿವರ್ತನೆಯನ್ನು ದನಗಾಹಿಗೆ ಯಾರು, ಯಾವ ಮಾತಿನಲ್ಲಿ ಹೇಳಿದರು?

ಇಲ್ಲಿ ಶಬ್ದದ ತೊಡಕೊಂದುಂಟು. ಅಧಿನಿಯಮದ ಎರಡನೆಯ ಪ್ರಕರಣದ ಪರಿಭಾಷೆಯಂತೆ ಬೇಟೆಯೆಂದರೆ ಕೊಲ್ಲುವುದಷ್ಟೇ ಅಲ್ಲ. ವಿಷವಿಕ್ಕುವುದು, ಬಲೆಯೊಡ್ಡುವುದು, ಉರುಳು ಹಾಕುವುದು, ಅಟ್ಟುವುದು, ಆಮಿಷವನ್ನಿಡುವುದು, ಇವುಗಳ ಪ್ರಯತ್ನವೂ ಕೂಡ ಬೇಟೆಯೇ. ಪರಿಭಾಷೆಯು ಸಮರ್ಪಕವಾಗಿದೆ. ಆದರೆ ಕನ್ನಡದಲ್ಲಿ ಬೇಟೆಯೆಂಬ ಶಬ್ದಕ್ಕೆ, ಹಳಗನ್ನಡದ ಬೇಂಟೆಯೆಂಬ ರೂಪದಿಂದ ಹಿಡಿದು, ರೂಢಿಯು ಬೇರೆ. ಅದರಲ್ಲಿ ನಾಯಿಯುಂಟು, ಬಲೆಯುಂಟು, ಬಿಲ್ಲು ಕೋವಿಗಳುಂಟು, ವಿನೋದವುಂಟು, ಮಾಂಸದ ಪಾಲುಂಟು, ವಿಷವಿಲ್ಲ. ತನ್ನ ಹಸುವಿನ ಶವಕ್ಕೆ ಮದ್ದು ಹಾಕುವವನು ತಾನು ಬೇಟೆಯಾಡುತ್ತಿದ್ದೇನೆಂದು ಕನಸಿನಲ್ಲಿಯೂ ಎಣಿಸುವುದಿಲ್ಲ. ರೂಢಿಯು ಯೋಗಕ್ಕಿಂತ ಬಲವತ್ತರವೆಂಬುದು ಶಾಸ್ತ್ರದಲ್ಲಿ ಪ್ರಸಿದ್ಧವಾದ ನ್ಯಾಯ; ಪರಿಭಾಷೆಯು ಶಾಸ್ತ್ರವನ್ನು ಓದಿದವನಿಗೆ ಮಾತ್ರ ರೂಢಿಯನ್ನು ಮೀರುತ್ತದೆ. ಆದುದರಿಂದ ಬೇಟೆಯನ್ನು ನಿಷೇಧಿಸಿದೆಯೆಂದು ಮಾತ್ರ ಬರೆದ ಫಲಕವು ಕೋವಿ ಹಿಡಿದವನಿಗೆ ತಿಳಿಯುತ್ತದೆ, ವಿಷ ಹಿಡಿದವನಿಗೆ ತಿಳಿಯುವುದಿಲ್ಲ. ಅಧಿನಿಯಮವನ್ನು ಕನ್ನಡಿಸುವವರೂ, ಊರೂರಿಗೆ ಹೋಗಿ ಬೋಧಿಸುವವರೂ, ವಿಷವಿಕ್ಕುವುದು ಎಂಬ ಪದವನ್ನು ಬೇಟೆಯೆಂಬ ಪದದೊಳಗೆ ಅಡಗಿಸದೆ ಬೇರೆಯಾಗಿಯೇ ಬರೆಯತಕ್ಕದ್ದು. ಧರ್ಮಶಾಸ್ತ್ರಕಾರರು ವಿಷವಿಕ್ಕುವವನನ್ನು ಗರದನೆಂದು ಹೆಸರಿಸಿ ಬೆಂಕಿಯಿಡುವವನ ಪಕ್ಕದಲ್ಲಿಯೇ ಆತತಾಯಿಗಳಲ್ಲಿ ಎಣಿಸಿದ್ದಾರೆ. ಮನುಷ್ಯರ ವಿಷಯದಲ್ಲಿ ಹೇಳಿದುದಾದರೂ ಆ ಹೆಸರಿನ ಕಟುತ್ವವು ಹಳ್ಳಿಯವರಿಗೂ ಅರ್ಥವಾಗುವಂಥದು.

ಅದರ ಕೆಳಗಿನ ಸಾಲಿನಲ್ಲಿ, ಅಷ್ಟೇ ದೊಡ್ಡ ಅಕ್ಷರಗಳಲ್ಲಿ, ಹಸು ಸತ್ತರೆ ಯಾರ ಬಳಿಗೆ ಹೋಗಬೇಕು, ಎಷ್ಟು ದಿನದಲ್ಲಿ ಎಷ್ಟು ಹಣ ಸಲ್ಲುತ್ತದೆ ಎಂಬುದನ್ನೂ ಬರೆಯಬೇಕು. ಉದ್ಯೋಗಪರ್ವದ ವಚನಕ್ಕೆ ಜಾಗ ಉಳಿದರೆ ಅದನ್ನು ಮೂರನೆಯ ಸಾಲಿನಲ್ಲಿ ಹಾಕಬಹುದು.